ಕೈಪಿಡಿಗೂ ಒಂದು ಪರೀಕ್ಷೆ

ಶ್ರೀರಂಗಪಟ್ಟಣಕ್ಕೆ ಸಮೀಪದ ಕೃಷ್ಣರಾಜಸಾಗರವನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ಆದರೆ ಅಲ್ಲಿಯೇ ಇರುವ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರವನ್ನು ಬಲ್ಲವರು ಕಡಮೆ. 1940ರ ದಶಕದಲ್ಲಿ ಪ್ರಾರಂಭವಾದ ಈ ಸಂಸ್ಥೆಯಲ್ಲಿ ಅಣೆಕಟ್ಟು, ಕೋಡಿ, ತೂಬು ಮೊದಲಾದುವುಗಳ ಪ್ರತಿಕೃತಿಗಳನ್ನು ಚಿಕ್ಕ ಅಳತೆಯಲ್ಲಿ ರಚಿಸಿ, ಅವುಗಳ ಮೇಲೆ ನೀರು ಹರಿಸಿ ಪರೀಕ್ಷಿಸುತ್ತಾರೆ. ನಿಜವಾದ ಮಹಾಪೂರ ಬಂದ ದಿನ ತಪ್ಪನ್ನು ಕಂಡುಹಿಡಿದರೆ ಏನು ಪ್ರಯೋಜನ? ಅಷ್ಟರಲ್ಲಿ ರಂಗನತಿಟ್ಟಿನ ನಡುಗಡ್ಡೆಗಳು ಮುಳುಗಿರುತ್ತವೆ. 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯನ್ನು ಪ್ರವಾಹವು ಮುಟ್ಟಿರುತ್ತದೆ.

ನೂರರಲ್ಲೊಂದು ಅಳತೆಯ ಪ್ರತಿಕೃತಿಯನ್ನು ತೆಗೆದುಕೊಳ್ಳೋಣ. ಫ್ರೂಡ್ ನಿಯಮದಂತೆ ಅದರಲ್ಲಿ ನೀರಿನ ಹರಿವು ನೂರರ ಎರಡೂವರೆ ಘಾತದಷ್ಟು, ಎಂದರೆ ಒಂದು ಲಕ್ಷ ಪಾಲು, ಕಡಮೆಯಾಗಬೇಕು. ಕಾವೇರಿಯ ಒಂದು ಲಕ್ಷ ಕ್ಯೂಸೆಕ್ ಪ್ರವಾಹವನ್ನು ಅಲ್ಲಿ ಕೇವಲ ಒಂದು ಕ್ಯೂಸೆಕ್ ನೀರು ಪ್ರತಿನಿಧಿಸುತ್ತದೆ. ಅಪಾಯವನ್ನು ಅಂಗಳದ ಗಾತ್ರಕ್ಕೆ ಇಳಿಸಿ ನೋಡುವ ಈ ಕ್ರಮವು ಇಂದು ತೀರ ಬೇರೆಯಾದ ಒಂದು ಕ್ಷೇತ್ರದಲ್ಲಿಯೂ ಅವಶ್ಯಕವಾಗಿದೆ. ಅದು ಯಾವುದೆಂಬುದನ್ನು ನೋಡೋಣ.

ಬ್ಯಾಂಕು, ರೈಲ್ವೆ, ಪರೀಕ್ಷಾ ಮಂಡಲಿ ಮೊದಲಾದುವು ತಮ್ಮ ಲೆಕ್ಕಪತ್ರಗಳಿಗೆ ಬೇಕಾದ ಕಂಪ್ಯೂಟರುಗಳನ್ನೆಲ್ಲ ಈಗ ತಮ್ಮ ಕಟ್ಟಡದಲ್ಲಿಯೇ ಇಟ್ಟುಕೊಳ್ಳಬೇಕಾಗಿಲ್ಲ. ದೂರದ ಬೃಹತ್ ಕೇಂದ್ರಗಳಿಂದ ಅವುಗಳನ್ನು ಬಾಡಿಗೆಗೆ ಪಡೆಯಬಹುದು. ಇದಕ್ಕೆ ಕ್ಲೌಡ್ ಎಂದು ಹೆಸರು. ಎಷ್ಟು ಯಂತ್ರಗಳು ಬೇಕು, ಯಾವ ದತ್ತಸಂಚಯ ಬೇಕು, ಯಾರಿಗೆ ಪ್ರವೇಶವುಂಟು ಎಂಬುದನ್ನೆಲ್ಲ ಒಂದು ಲಿಖಿತ ಪಠ್ಯದಲ್ಲಿ ಬರೆಯುತ್ತಾರೆ. 2014ರಲ್ಲಿ ಹೊರಬಂದ ಟೆರ್ರಾಫಾರ್ಮ್‌ನಂತಹ ಉಪಕರಣವು ಈ ಪಠ್ಯವನ್ನು ಓದಿ, ಈಗಾಗಲೇ ಇರುವ ವ್ಯವಸ್ಥೆಯೊಡನೆ ಹೋಲಿಸಿ, ಎಷ್ಟನ್ನು ಸೇರಿಸಬೇಕು, ಎಷ್ಟನ್ನು ಬದಲಾಯಿಸಬೇಕು, ಎಷ್ಟನ್ನು ನಾಶಮಾಡಬೇಕು ಎಂಬ ಪಟ್ಟಿಯನ್ನು ಮೊದಲು ತೋರಿಸುತ್ತದೆ. ಒಪ್ಪಿಗೆ ದೊರೆತ ಮೇಲೆ ಅದರಂತೆ ನಡೆಸುತ್ತದೆ.

ಬೆಂಗಳೂರಿನ ಇಂಜಿನಿಯರುಗಳಿಗೆ ನಿತ್ಯದ್ದಾದ ಈ ಕೆಲಸವನ್ನು ಈಚೆಗೆ ಕೃತಕ ಬುದ್ಧಿಮತ್ತೆಯ ಏಜೆಂಟುಗಳಿಗೂ ಒಪ್ಪಿಸತೊಡಗಿದ್ದಾರೆ. ಏಜೆಂಟಿಗೆ ಸಾಮಾನ್ಯ ಜ್ಞಾನ ಬೇಕಾದಷ್ಟಿದೆ. ಒಂದು ಸಂಸ್ಥೆಯ ಕಟ್ಟುಪಾಡುಗಳು ಮಾತ್ರ ಅದಕ್ಕೆ ತಿಳಿಯವು. ಆದುದರಿಂದ ಅವನ್ನು ಒಂದು ಕೈಪಿಡಿಯಾಗಿ ಬರೆದುಕೊಡುತ್ತಾರೆ. ಈ ಕೈಪಿಡಿ ಒಳ್ಳೆಯದೆಂದು ತಿಳಿಯುವುದು ಹೇಗೆ? ಓದಲು ಸೊಗಸಾಗಿದ್ದರೆ ಸಾಲದು.

ಸಾಲದೆಂಬುದಕ್ಕೆ ನಿದರ್ಶನಗಳುಂಟು. 2017ರ ಫೆಬ್ರವರಿ 28ರಂದು ಅಮೆಜಾನ್ ಸಂಸ್ಥೆಯ ವರ್ಜೀನಿಯಾ ಕೇಂದ್ರದಲ್ಲಿ, ರೂಢಿಯ ಕೈಪಿಡಿಯನ್ನೇ ಅನುಸರಿಸುತ್ತಿದ್ದ ಕೆಲಸಗಾರರೊಬ್ಬರು ಆಜ್ಞೆಯ ಒಂದು ಅಂಶವನ್ನು ತಪ್ಪಾಗಿ ನಮೂದಿಸಿದರು. ತೆಗೆಯಬೇಕಾದುದಕ್ಕಿಂತ ಬಹಳ ಹೆಚ್ಚು ಯಂತ್ರಗಳು ಕೆಲಸದಿಂದ ಹೊರಗಾಗಿ, ಅಸಂಖ್ಯಾತ ಜಾಲತಾಣಗಳು ಸುಮಾರು ನಾಲ್ಕು ಗಂಟೆಗಳ ಕಾಲ ತೊಂದರೆಗೊಳಗಾದುವು. 2025ರ ಜುಲೈ ತಿಂಗಳಲ್ಲಿ ರೆಪ್ಲಿಟ್ ಸಂಸ್ಥೆಯ ಏಜೆಂಟೊಂದು, ಯಾವ ಬದಲಾವಣೆಯನ್ನೂ ಮಾಡಕೂಡದೆಂಬ ಸ್ಪಷ್ಟ ಸೂಚನೆಯಿದ್ದರೂ, ಬಳಕೆಯಲ್ಲಿದ್ದ ದತ್ತಸಂಚಯವನ್ನು ಅಳಿಸಿತು. ಅದನ್ನು ಮರಳಿ ಪಡೆಯಲಾಗದೆಂದೂ ಹೇಳಿತು. ವಾಸ್ತವವಾಗಿ ಮರಳಿ ಪಡೆಯಲು ಸಾಧ್ಯವಾಯಿತು. ಏಜೆಂಟು ಸೂಚನೆಯನ್ನು ಮೀರಬಹುದು. ಅದರ ವರದಿಯೂ ತಪ್ಪಾಗಿರಬಹುದು.

ಇನ್ನು ಪರೀಕ್ಷೆಯ ಕ್ರಮವನ್ನು ವಿಚಾರಮಾಡೋಣ. ಒಂದು ಗ್ರಂಥಾಲಯದ ಪುಸ್ತಕಪಟ್ಟಿಯು ಕ್ಲೌಡಿನ ದತ್ತಸಂಚಯದಲ್ಲಿದೆಯೆಂದು ಭಾವಿಸಿರಿ. ಪಠ್ಯದಲ್ಲಿ ಅದಕ್ಕಿರುವ ಹೆಸರನ್ನು ಬದಲಾಯಿಸೆಂದು ಏಜೆಂಟಿಗೆ ಹೇಳುತ್ತೇವೆ. ಕೆಲಸ ಅಲ್ಪವೆಂದು ತೋರುತ್ತದೆ. ಆದರೆ ಉಪಕರಣದ ದೃಷ್ಟಿಯಲ್ಲಿ ಹಳೆಯ ಹೆಸರಿನ ವಸ್ತು ಪಠ್ಯದಿಂದ ಮಾಯವಾಗಿದೆ, ಹೊಸದೊಂದು ಕಾಣಿಸಿಕೊಂಡಿದೆ! ಆದುದರಿಂದ ಅದು ಹಳೆಯದನ್ನು ನಾಶಮಾಡಿ, ಬರಿದಾದ ಹೊಸದೊಂದನ್ನು ನಿರ್ಮಿಸಲು ಹೊರಡುತ್ತದೆ. ಇದು ಅದೇ ವಸ್ತು, ಹೆಸರು ಮಾತ್ರ ಬೇರೆ ಎಂದು ಪಠ್ಯದಲ್ಲಿಯೇ ತಿಳಿಸಲು ಮಾರ್ಗವುಂಟು. ಒಳ್ಳೆಯ ಕೈಪಿಡಿ ಆ ಮಾರ್ಗವನ್ನು ಹೇಳುತ್ತದೆ. ನಾಶದ ಸಂಖ್ಯೆ ಸೊನ್ನೆಯಲ್ಲದಿದ್ದರೆ ನಿಂತು ಮನುಷ್ಯನನ್ನು ಕೇಳಬೇಕೆಂದೂ ವಿಧಿಸುತ್ತದೆ.

ಪರೀಕ್ಷಕರು ಇಂತಹ ಹಲವು ಕೆಲಸಗಳನ್ನು ಆರಿಸಿ, ನಷ್ಟವಾದರೂ ಚಿಂತೆಯಿಲ್ಲದ ಪ್ರತ್ಯೇಕ ಕ್ಲೌಡ್ ಖಾತೆಯಲ್ಲಿ ಏಜೆಂಟಿನಿಂದ ಮಾಡಿಸುತ್ತಾರೆ. ಒಮ್ಮೆ ಕೈಪಿಡಿಯನ್ನು ಕೊಟ್ಟು, ಇನ್ನೊಮ್ಮೆ ಕೊಡದೆ ನೋಡುತ್ತಾರೆ. ಎರಡು ಸಲವೂ ಫಲ ಒಂದೇ ಆದರೆ ಆ ಕೈಪಿಡಿ ವ್ಯರ್ಥಭಾರವೆಂದೇ ತಿಳಿಯಬೇಕು. ಕೈಪಿಡಿಯಲ್ಲಿ ಬರೆದಿರುವ ಉದಾಹರಣೆಗಳನ್ನೇ ಪರೀಕ್ಷೆಗೂ ಕೊಡಬಾರದು. ತರಗತಿಯಲ್ಲಿ ಬಿಡಿಸಿದ ಲೆಕ್ಕವನ್ನೇ ಪ್ರಶ್ನೆಪತ್ರಿಕೆಯಲ್ಲಿ ಕೇಳಿದರೆ ವಿದ್ಯಾರ್ಥಿಯ ಯೋಗ್ಯತೆ ತಿಳಿಯುವುದಿಲ್ಲವಷ್ಟೆ. ನಿರಪಾಯವಾದ ಕೆಲಸಗಳನ್ನೂ ಸೇರಿಸಬೇಕು. ಎಲ್ಲದಕ್ಕೂ ಹೆದರಿ ನಿಲ್ಲುವ ಏಜೆಂಟಿನಿಂದಲೂ ಪ್ರಯೋಜನವಿಲ್ಲ.

ಎಷ್ಟು ಸಲ ಪರೀಕ್ಷಿಸಬೇಕು? ಒಂದೇ ಪ್ರಶ್ನೆಗೆ ಏಜೆಂಟು ಪ್ರತಿಸಲವೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಅದು ಹತ್ತಕ್ಕೆ ಒಂದು ಸಲ ತಪ್ಪುತ್ತದೆಯೆಂದು ಇಟ್ಟುಕೊಳ್ಳೋಣ. ಮೂರು ಸಲವೂ ತಪ್ಪದಿರುವ ಸಂಭವ 0.9 × 0.9 × 0.9, ಎಂದರೆ 0.729. ಇಂತಹ ನೂರು ಪರೀಕ್ಷೆಗಳಲ್ಲಿ ಸುಮಾರು 73ರಲ್ಲಿ ದೋಷವು ಅಡಗಿಯೇ ಉಳಿಯುತ್ತದೆ! ಮೂವತ್ತು ಸಲ ಮಾಡಿದರೆ ಅದು ತಪ್ಪಿಸಿಕೊಳ್ಳುವ ಸಂಭವ ನೂರಕ್ಕೆ ನಾಲ್ಕಕ್ಕೆ ಇಳಿಯುತ್ತದೆ. ಇದನ್ನು ವಿದ್ಯಾರ್ಥಿಗಳು ತಾವೇ ಗಣಿಸಿ ನೋಡಬಹುದು.

ಗುಣ ನಿರ್ಣಯಕ್ಕೆ ಏಜೆಂಟಿನ ಮಾತನ್ನು ಆಧಾರಮಾಡಿಕೊಳ್ಳಲಾಗದು. ಕೆಲಸ ಮುಗಿದ ಮೇಲೆ ದತ್ತಸಂಚಯ ಉಳಿದಿದೆಯೆ, ಅದರೊಳಗಿನ ಪಟ್ಟಿ ಹಾಗೆಯೇ ಇದೆಯೆ, ಪ್ರವೇಶದ ಬಾಗಿಲು ಅನ್ಯರಿಗೆ ತೆರೆದಿಲ್ಲವೆ ಎಂಬುದನ್ನು ಬೇರೊಂದು ಕಾರ್ಯಕ್ರಮದಿಂದ ನೇರವಾಗಿ ನೋಡಬೇಕು.

ಎಷ್ಟೇ ಒಳ್ಳೆಯ ಕೈಪಿಡಿಯಾದರೂ ಅದು ಮಾತೇ ಹೊರತು ಬೀಗವಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯ ಸಮೀಪದ ಖಡಕ್ವಾಸ್ಲಾದಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ನೀರು ನಿಶ್ಚಿತ ಮಟ್ಟವನ್ನು ಮೀರಿದೊಡನೆ ತಾವೇ ತೆರೆದುಕೊಳ್ಳುತ್ತಿದ್ದುವು. ಕಾವಲುಗಾರನು ಆಜ್ಞೆಯನ್ನು ಓದುವವರೆಗೆ ಕಾಯುತ್ತಿರಲಿಲ್ಲ. 2017ರ ಘಟನೆಯ ಅನಂತರ ಅಮೆಜಾನಿನವರು ಮಾಡಿದುದೂ ಇದನ್ನೇ. ಯಂತ್ರಗಳನ್ನು ನಿಧಾನವಾಗಿ ಮಾತ್ರ ತೆಗೆಯುವಂತೆ, ಕನಿಷ್ಠ ಮಿತಿಗಿಂತ ಕೆಳಗೆ ಇಳಿಸದಂತೆ ಉಪಕರಣವನ್ನೇ ತಿದ್ದಿದರು.

ಬೀಗವನ್ನು ಎಲ್ಲಿ ಹಾಕಬೇಕೆಂಬುದೂ ಮುಖ್ಯ. ನಾಶಮಾಡಕೂಡದೆಂದು ಟೆರ್ರಾಫಾರ್ಮ್ ಪಠ್ಯದಲ್ಲಿಯೇ ಬರೆಯಬಹುದು. ಆದರೆ ಮೇಲೆ ಹೇಳಿದಂತೆ ಹೆಸರು ಬದಲಾದಾಗ ಹಳೆಯ ಭಾಗದೊಡನೆ ಆ ಬೀಗವೂ ಪಠ್ಯದಿಂದ ಹೋಗಿಬಿಡುತ್ತದೆ. ಕ್ಲೌಡಿನಲ್ಲಿರುವ ದತ್ತಸಂಚಯಕ್ಕೇ ಹಾಕಿದ ಅಳಿಸುವಿಕೆಯ ತಡೆಯಾದರೆ ನಿಲ್ಲುತ್ತದೆ. ಆದುದರಿಂದ ಬೀಗಗಳನ್ನೂ ಪರೀಕ್ಷಿಸಲೇಬೇಕು.

ಪ್ರತಿಕೃತಿಗೂ ಮಿತಿಯುಂಟು. ಕೃಷ್ಣರಾಜಸಾಗರದ ಅಂಗಳದಲ್ಲಿ ಅಣೆಕಟ್ಟು ನೂರು ಪಾಲು ಕಿರಿದಾಗಬಹುದು. ನೀರಿನ ಮೇಲ್ಮೈಸೆಳೆತ ಕಿರಿದಾಗುವುದಿಲ್ಲ. ಹಾಗೆಯೇ ಪರೀಕ್ಷೆಯ ಖಾತೆಯಲ್ಲಿ ಹತ್ತು ವರ್ಷಗಳ ಹಳೆಯ ತೇಪೆಗಳೂ ಲಕ್ಷಾಂತರ ಬಳಕೆದಾರರ ಒತ್ತಡವೂ ಇರುವುದಿಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾದ ಏಜೆಂಟಿಗೆ ಮೊದಮೊದಲು ಪಟ್ಟಿಯನ್ನು ತಯಾರಿಸುವ ಅಧಿಕಾರವನ್ನು ಮಾತ್ರ ಕೊಟ್ಟು, ನಡೆಸುವ ಅಧಿಕಾರವನ್ನು ಮನುಷ್ಯನಲ್ಲಿಯೇ ಉಳಿಸಿಕೊಳ್ಳುವುದು ವಿವೇಕ. ಏಜೆಂಟಿನ ಮಾದರಿ ಬದಲಾದಾಗಲೆಲ್ಲ ಅದೇ ಕೈಪಿಡಿಯನ್ನು ಮತ್ತೆ ಮೊದಲಿನಿಂದ ಪರೀಕ್ಷಿಸಬೇಕಾಗುತ್ತದೆ.