ಪಾಚಿ ಹೊದ್ದ ಮರಗಳು

ಮೈಸೂರಿನಿಂದ ಗೂಡಲೂರು ದಾಟಿ ಊಟಿಯ ಘಾಟಿ ಹತ್ತುವಾಗ ನಡುವಟ್ಟಂ ಸಿಗುತ್ತದೆ. ಈಗ ಅಲ್ಲಿ ಕಣ್ಣಿಗೆ ಬೀಳುವುದು ಟೀ ತೋಟ. 1860ರ ದಶಕದಲ್ಲಿ ಅಲ್ಲಿ ಸಿಂಕೋನಾ ಬೆಳೆಯುತ್ತಿದ್ದರು. ಚಳಿಜ್ವರಕ್ಕೆ, ಅಂದರೆ ಮಲೇರಿಯಾಕ್ಕೆ, ಆಗ ಇದ್ದ ನಂಬಿಕಸ್ತ ಮದ್ದು ಕ್ವಿನೈನ್. ಅದು ಸಿಗುತ್ತಿದ್ದದ್ದು ಈ ಮರದ ತೊಗಟೆಯಲ್ಲಿ. ದಕ್ಷಿಣ ಅಮೆರಿಕದಿಂದ ಬೀಜ, ಸಸಿ ತರಿಸಿ ಬ್ರಿಟಿಷ್ ಸರ್ಕಾರ ನೀಲಗಿರಿಯಲ್ಲಿ ತೋಟ ಎಬ್ಬಿಸಿತು. ನಡುವಟ್ಟದಲ್ಲಿ ದುಡಿದವರಲ್ಲಿ ಮಲಯ ಕಡೆಯಿಂದ ಸಾಗಿಸಿ ತಂದ ಚೀನೀ ಕೈದಿಗಳೂ ಇದ್ದರು.

ತೋಟದ ಉಸ್ತುವಾರಿ ವಿಲಿಯಂ ಮ್ಯಾಕೈವರ್ ಎಂಬ ತೋಟಗಾರನದು. ಮರ ಕಡಿಯದೆ ತೊಗಟೆ ತೆಗೆಯುವುದು ಹೇಗೆ ಎಂಬುದು ಅವನ ತಲೆನೋವು. ಸುತ್ತಲೂ ಸುಲಿದರೆ ಮರ ಒಣಗುತ್ತದೆ. ಹಾಗಾಗಿ ಕಾಂಡದುದ್ದಕ್ಕೂ ಕಿರಿದಾದ ಪಟ್ಟಿಗಳಾಗಿ, ನಡುನಡುವೆ ತೊಗಟೆ ಉಳಿಸಿ ಸುಲಿಸಿದ. ಒಳಗಿನ ಜಿಗುಟು ಪದರಕ್ಕೆ ಚಾಕು ತಾಗಬಾರದು. ಸುಲಿದ ಕೂಡಲೇ ಕಾಂಡಕ್ಕೆ ಒದ್ದೆ ಪಾಚಿ ಹೊದಿಸಿ ಬಿಗಿಯಾಗಿ ಕಟ್ಟಬೇಕು. ಪಾಚಿಯಡಿ ಹೊಸ ತೊಗಟೆ ಬಂತು. ಅದನ್ನು ಲಂಡನ್ನಿಗೆ ಕಳಿಸಿದಾಗ ರಸಾಯನಜ್ಞ ಜಾನ್ ಎಲಿಯಟ್ ಹೊವಾರ್ಡ್ ಕಂಡದ್ದು, ಹೊಸದರಲ್ಲಿ ಹಳೆಯದಕ್ಕಿಂತ ಹೆಚ್ಚು ಮದ್ದಿನಂಶ! ಸುಲಿಯದೆ ಬರೀ ಪಾಚಿ ಹೊದಿಸಿಟ್ಟ ತೊಗಟೆಯೂ ಬಲವಾಗಿತ್ತು. ಬೆಳಕು ಬಿದ್ದರೆ ಸತ್ವ ಕೆಡುತ್ತದೆ, ಪಾಚಿ ಅದನ್ನು ತಡೆಯುತ್ತದೆ ಎಂದು ಅಂದಿನವರು ಅರ್ಥೈಸಿದರು. ವಿವರಣೆ ಏನೇ ಇರಲಿ, ಅದೇ ಮರ, ಅದೇ ಮಣ್ಣು, ಮೇಲೊಂದು ಹೊದಿಕೆ ಅಷ್ಟೇ. ಮದ್ದಿನ ಲೆಕ್ಕ ಬದಲಾಗಿತ್ತು.

ತಳಿಯ ಪಾಲೂ ದೊಡ್ಡದು. ನಡುವಟ್ಟದಲ್ಲಿ ಚೆನ್ನಾಗಿ ಬೆಳೆದ ಕೆಂಪು ತೊಗಟೆಯ ಜಾತಿಯಲ್ಲಿ ಕ್ವಿನೈನ್ ಕಡಿಮೆ, ಅದರ ದಾಯಾದಿ ರಾಸಾಯನಿಕಗಳೇ ಜಾಸ್ತಿ. ಬೊಲಿವಿಯಾದಿಂದ ಬಂದ ಬೇರೊಂದು ಜಾತಿಯ ಬೀಜವನ್ನು 1865ರಲ್ಲಿ ಡಚ್ಚರು ಕೊಂಡು ಜಾವಾದಲ್ಲಿ ಬಿತ್ತಿದರು. ಮುಂದೆ ಜಗತ್ತಿನ ಕ್ವಿನೈನ್ ಮಾರುಕಟ್ಟೆಯೇ ಅವರ ಕೈಸೇರಿತು.

ಗಿಡ ಈ ರಾಸಾಯನಿಕಗಳನ್ನು ನಮ್ಮ ಜ್ವರ ಇಳಿಸಲೆಂದೇನೂ ತಯಾರಿಸುವುದಿಲ್ಲ. ಹುಳ ಕಚ್ಚಬಾರದು, ದನ ಮೇಯಬಾರದು, ಬೂಷ್ಟು ಹತ್ತಬಾರದು, ಸುಡುಬಿಸಿಲಿಗೆ ಎಲೆ ಬೇಯಬಾರದು ಎಂದು ಅದು ಮಾಡಿಕೊಳ್ಳುವ ಏರ್ಪಾಡು ಅದು. ಆದ್ದರಿಂದ ಬಿಸಿಲು, ನೀರಿನ ಅಭಾವ, ಎತ್ತರ, ಗಿಡದ ವಯಸ್ಸು ಎಲ್ಲಕ್ಕೂ ಈ ರಾಸಾಯನಿಕಗಳ ಪ್ರಮಾಣ ಏರಿಳಿಯುತ್ತದೆ. ಕಷ್ಟ ಕೊಟ್ಟಷ್ಟೂ ಗುಣ ಹೆಚ್ಚು ಎಂಬ ಮಾತು ಮಾತ್ರ ಅರ್ಧಸತ್ಯ. ತೀರಾ ಒಣಗಿಸಿದರೆ ಗಿಡವೇ ಸೊರಗುತ್ತದೆ. ಎಲೆಯಲ್ಲಿ ಸಾರ ಇದ್ದೇನು ಫಲ, ಎಲೆಯೇ ಇಲ್ಲದಿದ್ದರೆ?

ಮಲೇರಿಯಾಕ್ಕೆ ಸಿಕ್ಕ ಇನ್ನೊಂದು ಮದ್ದಿನ ಕಥೆಯೂ ಹೀಗೇ. 1970ರ ದಶಕದ ಆರಂಭದಲ್ಲಿ ಚೀನಾದ ಟು ಯೂಯೂ ತಂಡ ಆರ್ಟಿಮೀಸಿಯಾ ಆನ್ಯುವಾ ಎಂಬ ಗಿಡದಿಂದ ಆರ್ಟಿಮಿಸಿನಿನ್ ತೆಗೆಯಿತು. ಬೀಜಿಂಗ್ ಸುತ್ತಮುತ್ತಲ ಗಿಡಗಳಲ್ಲಿ ಅದು ತೀರಾ ಅಲ್ಪ. ಸಿಚುವಾನ್ ಕಡೆಯದರಲ್ಲಿ ಚೆನ್ನಾಗಿತ್ತು. ಕಾಂಡದಲ್ಲಿ ಹುಡುಕಿ ಪ್ರಯೋಜನವಿಲ್ಲ, ಎಲೆಯ ಮೇಲಿನ ಸಣ್ಣ ಗ್ರಂಥಿಗಳಲ್ಲೇ ಅದು ಕೂಡಿರುವುದು. ಕೊಯ್ಲು ಮೊಗ್ಗಿನ ಹೊತ್ತಿಗೇ ಆಗಬೇಕು. ಊರು ತಪ್ಪಿದ್ದರೆ ಅಥವಾ ತಿಂಗಳು ತಪ್ಪಿದ್ದರೆ 2015ರಲ್ಲಿ ಟು ಯೂಯೂಗೆ ಬಂದ ನೊಬೆಲ್ ಬೇರೆ ಯಾರಿಗೋ ಹೋಗಿರುತ್ತಿತ್ತೇನೋ.

ನಮ್ಮ ಹಿರೇಮದ್ದಿಗೆ, ಅಂದರೆ ಅಶ್ವಗಂಧಕ್ಕೆ ಬರೋಣ. ಮಳೆಗಾಲದಲ್ಲಿ ಬಿತ್ತಿ, ಎಲೆ ಒಣಗಿ ಹಣ್ಣು ಕೆಂಪಾದಾಗ, ಸುಮಾರು ಐದಾರು ತಿಂಗಳಿಗೆ ಬೇರು ಕೀಳುತ್ತಾರೆ. ನೀರು ನಿಲ್ಲದ, ಹಗುರ ಮಣ್ಣಿನ ಹೊಲ ಅದಕ್ಕೆ ಒಳ್ಳೆಯದು. ಮಂಡಿಯಲ್ಲಿ ವ್ಯಾಪಾರಿ ಒಂದು ಬೇರೆತ್ತಿ ಲಟಕ್ಕನೆ ಮುರಿಯುತ್ತಾನೆ. ದಪ್ಪಗಿದ್ದು, ಒಳಗೆ ಬೆಳ್ಳಗೆ ಕಂಡರೆ ಮೊದಲ ದರ್ಜೆ. ಆದರೆ ಆ ಬಿಳುಪು, ಆ ಲಟಕು ಪಿಷ್ಟದ್ದು; ಮದ್ದಿನಂಶ ಎನ್ನಿಸಿಕೊಂಡ ವಿತನೊಲೈಡುಗಳದ್ದಲ್ಲ. ಅವು ಎಷ್ಟಿವೆಯೆಂದು ಕಣ್ಣಿಗಾಗಲಿ ಕೈಗಾಗಲಿ ತಿಳಿಯದು, ಪ್ರಯೋಗಾಲಯವೇ ಹೇಳಬೇಕು. ಹಣ ತೂಕಕ್ಕೆ ಸಿಗುವಾಗ ರೈತ ದಪ್ಪ ಬೇರನ್ನು ಬಯಸುವುದರಲ್ಲಿ ತಪ್ಪೇನೂ ಕಾಣೆ. ಸಾರ ತೆಗೆದು ಮಾರುವ ಕಂಪನಿಗಳು ಈಗ ಶೇಕಡಾ ಇಷ್ಟು ವಿತನೊಲೈಡ್ ಎಂದು ಪರೀಕ್ಷಿಸಿಯೇ ವ್ಯವಹರಿಸುತ್ತವೆ. ಗ್ರಂಥಿಗೆ ಅಂಗಡಿಯ ಚೂರ್ಣದ ಪೊಟ್ಟಣದ ಮೇಲೆ ತೂಕ, ದರ, ತಾರೀಕು ಇರುತ್ತವೆ. ಬೇರು ಯಾವ ನೆಲದ್ದು, ಯಾವ ತಿಂಗಳಲ್ಲಿ ಕಿತ್ತದ್ದು ಎಂಬ ಒಂದು ಸಾಲನ್ನು ನಾನಂತೂ ಕಂಡಿಲ್ಲ.