ಅಡವಿ ಸೀಮೆಯ ಮೇಜಿನ ಮೇಲೊಂದು ಯುದ್ಧನೌಕೆ

ದೀಪಾವಳಿ ಬಂತೆಂದರೆ ಬೆಳಗಾವಿಯ ಅನಗೋಳದ ಓಣಿಗಳಲ್ಲಿ ಹುಡುಗರು ಕಿಲ್ಲೆ ಕಟ್ಟುತ್ತಾರೆ. ಕೆಂಪು ಮಣ್ಣು, ಗೋಣಿಚೀಲ, ಇಟ್ಟಿಗೆ ಚೂರು ಸೇರಿ ಬುರುಜು, ಹೆಬ್ಬಾಗಿಲು ಏಳುತ್ತವೆ. ರಾಜಗಡ, ಪ್ರತಾಪಗಡಗಳ ನಡುವೆ ಯಾರಾದರೊಬ್ಬರು ಸಿಂಧುದುರ್ಗವನ್ನೂ ಕಟ್ಟುವುದುಂಟು. ಮಾಲವಣದ ಎದುರಿನ ನಡುಗಡ್ಡೆಯಲ್ಲಿ 1664ರಲ್ಲಿ ಶಿವಾಜಿ ಕಟ್ಟಿಸಲು ತೊಡಗಿದ ಕೋಟೆ ಅದು. ಆ ಕೋಟೆ ಅಲ್ಲಿ ಎದ್ದದ್ದೇ ಹಡಗುಗಳ ಕಾವಲಿಗೆ. ಮಕ್ಕಳ ಕಿಲ್ಲೆಯ ಸುತ್ತಲಿನ ನೀಲಿ ನೀರಿಗೆ ಒಂದು ನಿಜವಾದ ಹಡಗು ಬೇಕೆಂದರೆ ಅದನ್ನು ಹೇಗೆ ಕಟ್ಟುವುದು? ಮರದ ಪಟ್ಟಿಗಳಿಂದ, ಅಳತೆ ತಪ್ಪದಂತೆ ಯುದ್ಧನೌಕೆಯ ಮಾದರಿ ಕಟ್ಟುವ ಕೈಕೆಲಸವೊಂದು ಜಗತ್ತಿನಲ್ಲಿ ನೂರಾರು ವರ್ಷಗಳಿಂದ ಇದೆ. ಸಮುದ್ರದಿಂದ ದೂರವಿರುವ ನಮ್ಮ ಬೆಳಗಾವಿಗೆ ಅದು ಹೊಂದುವಷ್ಟು ಬೇರೆ ಊರಿಗೆ ಹೊಂದೀತೇ ಎಂಬುದು ನನಗೆ ಅನುಮಾನ.

ಮೊದಲು ಮಾದರಿಗಳನ್ನು ಕಟ್ಟಿಸಿದ್ದು ಆಟಕ್ಕಾಗಿ ಅಲ್ಲ. 17ನೇ ಶತಮಾನದಲ್ಲೇ ಇಂಗ್ಲೆಂಡಿನ ನೌಕಾಡಳಿತಕ್ಕಾಗಿ ಯುದ್ಧನೌಕೆಗಳ ಮರದ ಮಾದರಿಗಳು ತಯಾರಾಗುತ್ತಿದ್ದವು. ಒಂದು ಅಡಿಗೆ ಕಾಲು ಅಂಗುಲ, ಅಂದರೆ 1:48, ಅವುಗಳ ರೂಢಿಯ ಅಳತೆ. ಆ ಅಳತೆ ಇಂದಿಗೂ ಬಳಕೆಯಲ್ಲಿದೆ. ನೆಪೋಲಿಯನ್ ಯುದ್ಧಗಳಲ್ಲಿ ಸೆರೆಸಿಕ್ಕ ಫ್ರೆಂಚರು ಇಂಗ್ಲೆಂಡಿನ ಬಂದೀಖಾನೆಗಳಲ್ಲಿ ಊಟದಲ್ಲಿ ಉಳಿದ ಮೂಳೆಗಳನ್ನು ಕೆತ್ತಿ ಹಡಗು ಮಾಡಿ ಮಾರುತ್ತಿದ್ದರು. ಅಂಥ ಮಾದರಿಗಳು ಈಗ ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿವೆ.

ಈಗ ಕೆಲಸ ಹಗುರಾಗಿದೆ. ಇಟಲಿಯ ಅಮಾತಿ, ಕೊರೆಲ್, ಇಂಗ್ಲೆಂಡಿನ ಕಾಲ್ಡರ್‌ಕ್ರಾಫ್ಟ್‌ನಂಥ ಕಂಪನಿಗಳು ಹಡಗನ್ನೇ ಕಿಟ್ ಮಾಡಿ ಪೆಟ್ಟಿಗೆಯಲ್ಲಿ ಕಳಿಸುತ್ತವೆ. ಪೆಟ್ಟಿಗೆ ಬಿಚ್ಚಿದರೆ ಕತ್ತರಿಸಿಟ್ಟ ಪ್ಲೈವುಡ್ ಹಲಗೆಗಳು, ಕಟ್ಟುಕಟ್ಟಾಗಿ ಮರದ ಪಟ್ಟಿಗಳು, ಹಿತ್ತಾಳೆ ತೋಪುಗಳು, ದಾರದ ಉಂಡೆಗಳು, ದೊಡ್ಡ ನಕ್ಷೆಗಳು. ಟ್ರಾಫಲ್ಗರ್ ಕಾಳಗದಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ನನ ಹಡಗಾಗಿದ್ದ ವಿಕ್ಟರಿಯ ತೋಪಿನ ಅಂತಸ್ತು 186 ಅಡಿ ಉದ್ದ. 1:72ರ ಅಳತೆಯಲ್ಲಿ ಅದು 31 ಅಂಗುಲಕ್ಕೆ ಇಳಿಯುತ್ತದೆ. ಮುಂದಿನ ಓರೆಗಂಬ, ಹಿಂದಿನ ಅಡ್ಡಗಂಬ ಸೇರಿದರೆ ಮನೆಯ ಮೇಜು ಸಾಲದು.

ಕೆಲಸದ ತಿರುಳಿರುವುದು ಒಡಲು ಕಟ್ಟುವುದರಲ್ಲಿ. ಉದ್ದಕ್ಕೂ ಬೆನ್ನೆಲುಬಿನಂತೆ ಒಂದು ಪ್ಲೈವುಡ್ ಹಲಗೆ, ಅದರ ಕಚ್ಚುಗಳಿಗೆ ಅಡ್ಡಲಾಗಿ ಪಕ್ಕೆಲುಬುಗಳು. ಬೆನ್ನು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಮುಂದಿನದೆಲ್ಲ ಸೊಟ್ಟ. ಪಕ್ಕೆಲುಬುಗಳು ಕೂತ ಮೇಲೆ ಅವುಗಳ ಅಂಚನ್ನು ಪಾಲಿಶ್ ಪೇಪರಿನಿಂದ ಓರೆಯಾಗಿ ಉಜ್ಜಬೇಕು. ಮುಂತುದಿಯತ್ತ ಒಂದು ಓರೆ, ಹಿಂತುದಿಯತ್ತ ಇನ್ನೊಂದು. ಹೊಸಬರು ಅವಸರ ಮಾಡುವುದು ಇಲ್ಲೇ. ಪಟ್ಟಿಯೊಂದನ್ನು ಪಕ್ಕೆಲುಬುಗಳ ಮೇಲೆ ಒರಗಿಸಿ, ಎಲ್ಲಿಯೂ ಬೆಳಕು ತೂರದೆ ಅದು ಎಲ್ಲಕ್ಕೂ ತಾಗುವವರೆಗೆ ಉಜ್ಜುತ್ತಲೇ ಇರಬೇಕು.

ಆಮೇಲೆ ಪಟ್ಟಿ ಹೊದಿಸುವುದು. ಪಟ್ಟಿಯನ್ನು ನೀರಲ್ಲಿ ನೆನೆಸಿ, ಬಿಸಿ ತಾಗಿಸಿ ಬಾಗಿಸಿ, ಫೆವಿಕಾಲ್ ಹಚ್ಚಿ ಗುಂಡುಪಿನ್ನು ಚುಚ್ಚಿ ಕೂರಿಸಬೇಕು. ಎಡಕ್ಕೊಂದು ಕೂರಿಸಿದರೆ ಬಲಕ್ಕೊಂದು. ಒಂದೇ ಮಗ್ಗುಲಿಗೆ ಸಾಲಾಗಿ ಹಚ್ಚುತ್ತ ಹೋದರೆ ಅದರ ಎಳೆತಕ್ಕೆ ಇಡೀ ಒಡಲು ತಿರುಚಿಕೊಳ್ಳುತ್ತದೆ. ಹಡಗಿನ ಹೊಟ್ಟೆ ನಡುವೆ ಅಗಲ, ಮುಂದೆ ಚೂಪು. ಹೀಗಾಗಿ ಪಟ್ಟಿಗಳೂ ಮುಂದೆ ಹೋದಂತೆ ಕಿರಿದಾಗಬೇಕು. ಹಿಂದೆ ಸಂದು ಬಿಟ್ಟಲ್ಲಿ ಮುಕ್ಕೋನದ ಚೂರು ತುಂಬಬೇಕು. ಮೊದಲ ಪದರ ಅಗ್ಗದ ಮರದ್ದು. ಅದರ ಉಬ್ಬುತಗ್ಗು ತೀಡಿದ ಮೇಲೆ ಎರಡನೆಯದು, ಹೆಚ್ಚಾಗಿ ಆಕ್ರೋಟ ಮರದ ತೆಳುಪಟ್ಟಿ. ಅಟ್ಟದ, ಅಂದರೆ ಡೆಕ್ಕಿನ, ಹಲಗೆಗಳ ಅಂಚಿಗೆ ಪೆನ್ಸಿಲ್ ಉಜ್ಜಿ ಕೂರಿಸಿದರೆ ಸಂದಿಗೆ ನಾರು, ಡಾಂಬರು ತುಂಬಿದಂತೆ ಕಾಣುತ್ತದೆ. ಇಷ್ಟಾಗುವ ಹೊತ್ತಿಗೆ ಕಟ್ಟುವವನಿಗೆ ಹಡಗು ಏಕೆ ತೇಲುತ್ತದೆ, ಏಕೆ ಆ ಆಕಾರ ಎಂಬುದು ಬೆರಳಿಗೇ ತಿಳಿದಿರುತ್ತದೆ. ಈ ಕಸುಬನ್ನು ನಾನು ಮೆಚ್ಚುವುದು ಇದೇ ಕಾರಣಕ್ಕೆ.

ಇನ್ನು ಮರದ ಮಾತು. ನಮ್ಮ ಪಕ್ಕದ ಖಾನಾಪುರದ ಅಡವಿಯಲ್ಲಿರುವ ಸಾಗವಾನಿಗೂ ಯುದ್ಧನೌಕೆಗೂ ಹಳೆಯ ನಂಟು. ಪಶ್ಚಿಮ ಘಟ್ಟದ ಸಾಗವಾನಿಯಿಂದ ಮುಂಬಯಿಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರಸಿಗಳು ಬ್ರಿಟಿಷ್ ನೌಕಾಪಡೆಗೆ ಹಡಗು ಕಟ್ಟಿಕೊಟ್ಟರು. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಸಾಗವಾನಿಯ ಎಣ್ಣೆ ಕಾಯುತ್ತದೆ. ಜಮ್ಶೆಟ್ಜಿ ಬೊಮನ್‌ಜಿ ವಾಡಿಯಾ ಮಲಬಾರಿನ ಸಾಗವಾನಿಯಲ್ಲಿ ಕಟ್ಟಿದ ಟ್ರಿಂಕೋಮಲಿ 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಅದು ಇಂದಿಗೂ ತೇಲುತ್ತಿದೆ.

ಹಾಗೆಂದು ಮಾದರಿಗೂ ಸಾಗವಾನಿಯೇ ಒಳ್ಳೆಯದೆಂದು ತಿಳಿಯಬಾರದು. ಹಡಗನ್ನು ಎಪ್ಪತ್ತೆರಡು ಪಾಲು ಕುಗ್ಗಿಸಬಹುದು, ಮರದ ಎಳೆಯನ್ನು ಕುಗ್ಗಿಸಲಾಗದು. ಸಾಗವಾನಿಯ ಒರಟು ಎಳೆ ಚಿಕ್ಕ ಒಡಲಿನ ಮೇಲೆ ಕಾಲುವೆಯಷ್ಟು ದೊಡ್ಡದಾಗಿ ಕಾಣುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆಮರ, ಕೆತ್ತನೆಗೆ ಒಗ್ಗುವ ಶಿವನಿ ಇದಕ್ಕೆ ತಕ್ಕವು. ಯಾವ ಮರವನ್ನೂ ಕಡಿಯಬೇಕಿಲ್ಲ. ಬಡಿಗರ ಅಂಗಡಿಯಲ್ಲಿ ಒಲೆಗೆ ಹೋಗುವ ತುಂಡುಗಳಲ್ಲೇ ಹಡಗಿಗೆ ಬೇಕಾದಷ್ಟು ಮರವಿರುತ್ತದೆ. ಹಿತ್ತಾಳೆಯ ತೋಪನ್ನು ಕಡೆಯಲು ಅನಗೋಳಕ್ಕೆ ಹೊಂದಿಕೊಂಡ ಉದ್ಯಮಬಾಗಿನ ಲೇತ್ ಕೆಲಸದವರಿದ್ದಾರೆ.

ಬೆಳಗಾವಿಯ ಮಳೆಯನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ತೇವ ಹೀರಿ ಹಿಗ್ಗುತ್ತದೆ. ಆಗ ಹೊದಿಸಿದ ಪಟ್ಟಿ ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಒಡಲಿನ ಕೆಲಸವನ್ನು ದೀಪಾವಳಿಯ ನಂತರ ಹಿಡಿದು, ತೋಪುಗಾಡಿ, ಚಿಕ್ಕ ದೋಣಿ, ಲಂಗರಿನಂಥ ಬಿಡಿ ಕೆಲಸವನ್ನು ಮಳೆಗಾಲಕ್ಕೆ ಬಿಡುವುದು ಒಳ್ಳೆಯದು. ಹತ್ತಿಯ ದಾರವೂ ತೇವಕ್ಕೆ ಬಿಗಿದು ಒಣಹವೆಗೆ ಸಡಿಲಾಗುತ್ತದೆ. ಹಗ್ಗದ ಕೆಲಸಕ್ಕೆ ಪಾಲಿಯೆಸ್ಟರ್ ದಾರ ವಾಸಿ. ಜೇನುಮೇಣ ಸವರಿದರೆ ಎಳೆಯ ನವಿರು ಕೂರುತ್ತದೆ. ಕೂವೆಮರವನ್ನು ಹಿಡಿದು ನಿಲ್ಲಿಸುವ ಹಗ್ಗಕ್ಕೆ ಡಾಂಬರಿನ ಕಪ್ಪು, ಹಾಯಿ ಎಳೆಯುವ ಹಗ್ಗಕ್ಕೆ ನಾರಿನ ಬಣ್ಣ. ನಾವಿಕರು ಮೇಲೇರುವ ಹಗ್ಗದ ಏಣಿಗೆ ಒಂದೊಂದು ಮೆಟ್ಟಿಲಿಗೂ ಗಂಟು ಹಾಕಬೇಕು, ದೊಡ್ಡ ಹಡಗಿನಲ್ಲಿ ಸಾವಿರಗಟ್ಟಲೆ. ಇದಕ್ಕೆ ಅಡ್ಡದಾರಿಯಿಲ್ಲ.

ಕಿಟ್‌ಗಳಲ್ಲಿ ಸಿಗುವುದು ಬಹುಪಾಲು ಇಂಗ್ಲಿಷರ, ಫ್ರೆಂಚರ, ಸ್ವೀಡನ್ನಿನ ಹಡಗುಗಳು. ನಮ್ಮ ಹಡಗುಗಳೆಲ್ಲಿ? ಖಾನಾಪುರ ತಾಲೂಕಿನ ಹಲಸಿ ಗೋವೆಯ ಕದಂಬರ ಎರಡನೆಯ ರಾಜಧಾನಿ. ಗೋಪಕಪಟ್ಟಣದ ಬಂದರಿನಿಂದ ಕಡಲಾಳಿದ ಆ ಮನೆತನದ ಹೆಸರನ್ನೇ ಕಾರವಾರದ ನೌಕಾನೆಲೆ ಹೊತ್ತಿದೆ: ಐಎನ್‌ಎಸ್ ಕದಂಬ. 1665ರ ಫೆಬ್ರುವರಿಯಲ್ಲಿ ಶಿವಾಜಿ ಮಾಲವಣದಿಂದ ಹಡಗು ಹೊರಡಿಸಿ ಕುಂದಾಪುರದ ಬಳಿಯ ಬಸರೂರಿನ ಮೇಲೆ ದಾಳಿ ಮಾಡಿದ. ಆಗಿನ ಪಡುವಣ ತೀರದ ಯುದ್ಧನೌಕೆಗಳು ಗುರಾಬು ಮತ್ತು ಗಲಬತ್ತು. ಮುಂದಿನ ಶತಮಾನದ ಇಂಗ್ಲಿಷ್ ಇತಿಹಾಸಕಾರ ರಾಬರ್ಟ್ ಆರ್ಮ್ ಬರೆದಿರುವಂತೆ ಮೂರು ಕೂವೆಮರದ ಗುರಾಬು ಸುಮಾರು 300 ಟನ್ನಿನದು. ಗಲಬತ್ತು 70 ಟನ್ ಮೀರುವುದು ಅಪರೂಪ, ಅದಕ್ಕೆ ನಲವತ್ತು ಐವತ್ತು ಹುಟ್ಟು. ಗಾಳಿ ಬಿದ್ದಾಗ ಗಲಬತ್ತುಗಳು ಹುಟ್ಟು ಹಾಕಿ ಗುರಾಬುಗಳನ್ನು ಎಳೆದು ತರುತ್ತಿದ್ದವು, ಗುರಾಬುಗಳು ದೊಡ್ಡ ಹಡಗುಗಳ ಹಿಂದಿನಿಂದ ತೋಪು ಹಾರಿಸುತ್ತಿದ್ದವು. ಮಾದರಿ ಕಟ್ಟುವವರಿಗೆ ಇದಕ್ಕಿಂತ ಚೆಂದದ ಜೋಡಿ ಬೇಕೆ?

ಯುದ್ಧನೌಕೆಯಲ್ಲದಿದ್ದರೂ ನೌಕಾಪಡೆಯದೇ ಆದ ಇನ್ನೊಂದು ಮರದ ಹಡಗು ನಮ್ಮ ಕಣ್ಣೆದುರಿಗೇ ಇದೆ. ಅಜಂತೆಯ ಚಿತ್ರವೊಂದರಲ್ಲಿನ ಹಡಗನ್ನು ನೋಡಿ, ಕೇರಳದ ಬಾಬು ಶಂಕರನ್ ಮತ್ತು ಸಂಗಡಿಗರು ಗೋವೆಯಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. 2025ರ ಮೇ 21ರಂದು ಕಾರವಾರದಲ್ಲಿ ಕೌಂಡಿನ್ಯ ಎಂಬ ಹೆಸರಿನಲ್ಲಿ ನೌಕಾಪಡೆ ಸೇರಿತು. ಅದರ ಹಾಯಿಯ ಮೇಲೆ ಗಂಡಭೇರುಂಡ ಮತ್ತು ಸೂರ್ಯ, ಮುಂತುದಿಯಲ್ಲಿ ಸಿಂಹಯಾಳಿ. ನಕ್ಷೆಗಳಿಲ್ಲದ ಕಾಲದ ಹಡಗು. ನೀರಿನಲ್ಲಿ ಹೇಗೆ ನಡೆದೀತೆಂದು ತಿಳಿಯಲು ಮದ್ರಾಸ್ ಐಐಟಿಯಲ್ಲಿ ಮೊದಲು ಅದರ ಮಾದರಿಯನ್ನೇ ಪರೀಕ್ಷಿಸಿದರು.

ಎನ್‌ಸಿಸಿಯ ನೌಕಾ ವಿಭಾಗದಲ್ಲಿ ಹಡಗಿನ ಮಾದರಿ ಕಟ್ಟುವುದು ಕಲಿಕೆಯ ಭಾಗ, ಅಖಿಲ ಭಾರತ ನೌಸೈನಿಕ ಶಿಬಿರದಲ್ಲಿ ಅದಕ್ಕೆ ಸ್ಪರ್ಧೆಯೂ ಉಂಟು.  ಘಟ್ಟದ ಮೇಲಿನ ನಮ್ಮ ಶಾಲೆಗಳ ಕರಕುಶಲ ತರಗತಿಗೂ ಇದು ಬರಬೇಕು. ಉದ್ಯಮಬಾಗಿನಲ್ಲಿ ಯಂತ್ರಗಳಿವೆ, ಎಂಜಿನಿಯರಿಂಗ್ ಕಾಲೇಜಿದೆ. ಒಂದು ಗುರಾಬಿನ ನಕ್ಷೆ ಬರೆದು ಪಕ್ಕೆಲುಬುಗಳನ್ನು ಪ್ಲೈವುಡ್ಡಿನಲ್ಲಿ ಕತ್ತರಿಸಿ ಕಿಟ್ ಮಾಡುವುದು ಇಲ್ಲಿನವರ ಕೈಗೆ ಮೀರಿದ್ದಲ್ಲ. ಯಾರಾದರೂ ಮನಸ್ಸು ಮಾಡಲಿ.

ತೊಡಗಬೇಕೆನ್ನುವವರಿಗೆ ಒಂದು ಮಾತು. ವಿದೇಶಿ ಕಿಟ್‌ಗೆ ಬೆಲೆಯ ಮೇಲೆ ಸಾಗಣೆ, ಸುಂಕ ಬೀಳುತ್ತದೆ. ಚಿತ್ರಕ್ಕೆ ಮರುಳಾಗಿ ವಿಕ್ಟರಿ ತರಿಸಬೇಡಿ. ಅಮಾತಿಯವರ ಲೇಡಿ ನೆಲ್ಸನ್‌ನಂಥ ಒಂಟಿ ಕೂವೆಮರದ ಚಿಕ್ಕ ಹಡಗಿನಿಂದ ಶುರುಮಾಡಿ. ಅದಕ್ಕೂ ಮೊದಲು ಖಾನಾಪುರ, ರಾಮನಗರ, ಜೋಯಿಡಾ ದಾಟಿ ಕಾರವಾರಕ್ಕೆ ಹೋಗಿ, ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ನೌಕೆಯನ್ನು ಸುತ್ತುಹಾಕಿ ನೋಡಿ, ಮಕ್ಕಳನ್ನೂ ಕರೆದೊಯ್ಯಿರಿ.