ಹಿಮಾಲಯಕ್ಕೆ ಹೊರಟಿದ್ದೀರಾ? ಮೇಲೇರಲು ಆತುರ ಬೇಡ

ಮಕ್ಕಳ ಪರೀಕ್ಷೆ ಮುಗಿದೊಡನೆ ಮನಾಲಿಯ ಕಡೆಗೆ ಹೊರಡುವ ಕುಟುಂಬಗಳು ಹಲವು. ಬಿಯಾಸ್ ನದಿಯ ಕಣಿವೆಯಲ್ಲಿ ಡೇರೆ ಹಾಕಿ ತಂಗುವುದು, ಬಿಯಾಸ್ ಕುಂಡದವರೆಗೆ ಚಾರಣ ಮಾಡುವುದು ಹೊಸಬರಿಗೂ ಸಾಧ್ಯ. ಸ್ವೆಟರು, ಬೂಟು, ಕ್ಯಾಮೆರಾ ಎಲ್ಲವನ್ನೂ ನೆನಪಿನಿಂದ ಕಟ್ಟಿಕೊಳ್ಳುವ ನಾವು ಒಂದು ವಿಷಯವನ್ನು ಮರೆಯುತ್ತೇವೆ. ಅದೇ ಎತ್ತರ.

ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಮನಾಲಿ ಪಟ್ಟಣವೇ ಅದಕ್ಕಿಂತ ಎತ್ತರದಲ್ಲಿದೆ. ಬಿಯಾಸ್ ಕುಂಡ 3,700 ಮೀಟರಿನ ಆಸುಪಾಸು. ಲಾಹುಲ್-ಸ್ಪಿತಿ ಜಿಲ್ಲೆಯ ಚಂದ್ರತಾಲ್ ಸರೋವರ 4,200 ಮೀಟರಿಗೂ ಮೇಲೆ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲಾಹುಲ್ ಕಣಿವೆಗೆ ಕಾರಿನಲ್ಲಿ ಬೇಗ ತಲುಪಬಹುದು. ಆದರೆ ದೇಹ ಕಾರಿನ ವೇಗದಲ್ಲಿ ಹೊಂದಿಕೊಳ್ಳುವುದಿಲ್ಲ.

ಏಕೆ ಹೀಗಾಗುತ್ತದೆ?

ಎಲ್ಲ ಎತ್ತರದಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21ರಷ್ಟೇ. ಆದರೆ ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. 4,200 ಮೀಟರಿನಲ್ಲಿ ಪ್ರತಿ ಉಸಿರಿಗೂ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಶೇ. 60 ಮಾತ್ರ. ಇದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ದಿನಗಳೇ ಬೇಕು. ಆ ಸಮಯ ಕೊಡದಿದ್ದರೆ, ಸಾಮಾನ್ಯವಾಗಿ 2,500 ಮೀಟರಿನ ಮೇಲೆ, ಪರ್ವತ ಕಾಯಿಲೆ ಕಾಣಿಸಿಕೊಳ್ಳುತ್ತದೆ.

ತಲೆನೋವು ಇದರ ಮುಖ್ಯ ಲಕ್ಷಣ. ಜೊತೆಗೆ ವಾಕರಿಕೆ, ಊಟ ಸೇರದಿರುವುದು, ಸುಸ್ತು, ತಲೆಸುತ್ತು ಇರಬಹುದು. ಮೇಲೆ ತಲುಪಿದ ಕೆಲವು ಗಂಟೆಗಳ ನಂತರ, ಹೆಚ್ಚಾಗಿ ಮೊದಲ ರಾತ್ರಿ ಇದು ಶುರುವಾಗುತ್ತದೆ. ಚಿಕ್ಕ ಮಕ್ಕಳು ತಲೆನೋವೆಂದು ಹೇಳಲಾರರು. ಸುಮ್ಮನೆ ರಚ್ಚೆ ಹಿಡಿಯುತ್ತಾರೆ, ಊಟ ಬಿಡುತ್ತಾರೆ. ದಿನವೂ ವ್ಯಾಯಾಮ ಮಾಡುವ ಗಟ್ಟಿಮುಟ್ಟಾದ ಯುವಕರಿಗೂ ಇದು ಬರುತ್ತದೆ ಎಂಬುದು ನೆನಪಿರಲಿ.

ಅಪಾಯದ ಸೂಚನೆಗಳು

ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ತುಟಿ ನೀಲಿಗಟ್ಟುವುದು, ಗುಲಾಬಿ ಬಣ್ಣದ ನೊರೆಗಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ಮಾತು ತೊದಲುವುದು, ಗೊಂದಲ, ಕುಡಿದವರಂತೆ ತೂರಾಡುವುದು ಮಿದುಳು ಊದಿಕೊಳ್ಳುತ್ತಿರುವ ಲಕ್ಷಣ. ಅನುಮಾನ ಬಂದರೆ ಒಂದು ಹೆಜ್ಜೆಯ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಯಲು ಹೇಳಿ. ಆಗದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ರಾತ್ರಿಯಾದರೂ ಸರಿ, ಜೊತೆಗೆ ಒಬ್ಬರಿದ್ದು ಕೆಳಗಿಳಿಸಬೇಕು. ಆಮ್ಲಜನಕ ಇದ್ದರೆ ಕೊಡಿ. ಆದರೆ ಅದಕ್ಕಾಗಿ ಇಳಿಯುವುದನ್ನು ತಡಮಾಡಬೇಡಿ. ಅಲಕ್ಷಿಸಿದರೆ ಇವೆರಡೂ ಪ್ರಾಣಕ್ಕೇ ಅಪಾಯ.

ತಡೆಯುವುದು ಹೇಗೆ?

* ಮನಾಲಿಯಲ್ಲಿ ಎರಡು ರಾತ್ರಿ ಕಳೆದು ಮುಂದೆ ಹೋಗಿ. 3,000 ಮೀಟರಿನ ನಂತರ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬೇಡಿ. ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಇರಲಿ.

* ತಲೆನೋವಿದ್ದಾಗ ಮೇಲೇರಬೇಡಿ. ಅಲ್ಲೇ ತಂಗಿ, ಹೆಚ್ಚಾದರೆ ಇಳಿಯಿರಿ. ಮದ್ಯ ಮತ್ತು ನಿದ್ರೆ ಮಾತ್ರೆ ಬೇಡವೇ ಬೇಡ.

* ಅಸೆಟಾಜೋಲಮೈಡ್ ಮಾತ್ರೆ ಹೊಂದಿಕೊಳ್ಳಲು ನೆರವಾಗುತ್ತದೆ. ಆದರೆ ಎಲ್ಲರಿಗೂ ಅದು ಬೇಕಿಲ್ಲ. ಸಲ್ಫಾ ಔಷಧಿ ಒಗ್ಗದವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರಿಗೆ ತಿಳಿಸಬೇಕು. ಸ್ನೇಹಿತರ ಮಾತು ಕೇಳಿ ನುಂಗಬೇಡಿ.

* ಹೃದ್ರೋಗ, ರಕ್ತದೊತ್ತಡ, ಉಬ್ಬಸ ಇರುವವರು ಮತ್ತು ಗರ್ಭಿಣಿಯರು ಟಿಕೆಟ್ ಕೊಳ್ಳುವ ಮೊದಲೇ ವೈದ್ಯರನ್ನು ಕಾಣಬೇಕು. ಮಧುಮೇಹಿಗಳು ಇನ್ಸುಲಿನ್ ಹೆಪ್ಪುಗಟ್ಟದಂತೆ ಮೈಗೆ ತಾಗಿದ ಜೇಬಿನಲ್ಲಿ ಇಟ್ಟುಕೊಳ್ಳಲಿ.

* ಹೊರಡುವ ಆರು ವಾರ ಮೊದಲೇ ದಿನವೂ ಬಿರುಸಾಗಿ ನಡೆಯಿರಿ, ಮೆಟ್ಟಿಲು ಹತ್ತಿ. ಇದು ಪರ್ವತ ಕಾಯಿಲೆಯನ್ನು ತಡೆಯದು. ಕಾಲುಗಳಿಗೆ ಬಲ ಕೊಡುತ್ತದೆ.

ಡೇರೆಯೊಳಗೆ ಎಚ್ಚರ

ಚಳಿಗೆಂದು ಡೇರೆಯೊಳಗೆ ಇದ್ದಿಲಿನ ಒಲೆ ಅಥವಾ ಸ್ಟೌ ಹಚ್ಚಬಾರದು. ಇವುಗಳಿಂದ ಹೊರಡುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಸಾಯುತ್ತಾರೆ. ಬದಲಾಗಿ ಒದ್ದೆ ಬಟ್ಟೆ, ಕಾಲುಚೀಲ ಬದಲಿಸಿ, ಟೋಪಿ ಧರಿಸಿ, ಬಿಸಿಯಾದ ಊಟ ಮಾಡಿ ಮಲಗಿ. ತೊರೆಯ ನೀರು ಸ್ಫಟಿಕದಂತೆ ಕಂಡರೂ ಕುದಿಸಿಯೇ ಕುಡಿಯಿರಿ. ಹಿಮದ ಮೇಲೆ ಬಿಸಿಲು ಕಣ್ಣನ್ನು ಸುಡುತ್ತದೆ. ಮಕ್ಕಳಿಗೂ ಕಪ್ಪು ಕನ್ನಡಕ ಬೇಕು.

ಕೊನೆಯದಾಗಿ, ಹೊರಡುವ ಮುನ್ನ ಮನೆಯವರೆಲ್ಲ ಕುಳಿತು ಒಂದು ಮಾತು ಮಾಡಿಕೊಳ್ಳಿ: ಯಾರಿಗೆ ತಲೆನೋವು ಬಂದರೂ ಮುಚ್ಚಿಡಬಾರದು, ಒಬ್ಬರಿಗಾಗಿ ಎಲ್ಲರೂ ಹಿಂದಿರುಗಬೇಕಾದರೆ ಯಾರೂ ಗೊಣಗಬಾರದು.